ತೂತೂ ಬೇಕು, ಕರೆಂಟೂ ಹರಿಯಬೇಕು

ಕಳೆದ ಸಂಚಿಕೆಯಲ್ಲಿ ಬೇರೇನೋ ಹೇಳುತ್ತಾ, ‘ಇಂಗಾಲದ ನ್ಯಾನೋಕೊಳವೆ ಬೆರೆಸಿ, ಮೈತುಂಬ ತೂತಿರುವ, ವಿದ್ಯುತ್ ಹರಿಯುವ ಪಾಲಿಮರ್ ಮಾಡುವುದರಲ್ಲೇ ಪ್ರಯೋಗಾಲಯದಲ್ಲಿ ನನ್ನ ಇಪ್ಪತ್ತೆರಡು ವರ್ಷ ಕಳೆಯಿತು’ ಎಂದು ಒಂದು ಸಾಲು ಬರೆದು ಮುಂದೆ ಹೋಗಿದ್ದೆ. ಓದುಗರು ಮುಂದೆ ಹೋಗಲು ಬಿಡಲಿಲ್ಲ. ಈ ಸಲ ಬಂದ ಪತ್ರಗಳೆಲ್ಲ ಅದರ ಬಗ್ಗೆಯೇ. ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ.

ಪ್ರಶ್ನೆ: ಪ್ಲಾಸ್ಟಿಕ್ ಅವಾಹಕ ಎಂದು ಮೂವತ್ತು ವರ್ಷ ಪಾಠ ಮಾಡಿದವನು ನಾನು. ಗಾಳಿಯೂ ಅವಾಹಕ. ತೂತು ತುಂಬಿದ ಪ್ಲಾಸ್ಟಿಕ್ ಎಂದರೆ ಅವಾಹಕದೊಳಗೆ ಅವಾಹಕ. ಅದಕ್ಕೆ ಚಿಟಿಕೆಯಷ್ಟು ಕಪ್ಪು ಪುಡಿ ಬೆರೆಸಿದರೆ ವಿದ್ಯುತ್ ಹರಿಯುತ್ತದೆ ಎಂದರೆ ಹೇಗೆ ನಂಬಲಿ ಮೇಡಂ?
– ನಿವೃತ್ತ ಭೌತಶಾಸ್ತ್ರ ಅಧ್ಯಾಪಕರು

ಉತ್ತರ: ಸರ್, ನೀವು ಪಾಠ ಮಾಡಿದ್ದು ತಪ್ಪಲ್ಲ. ಆ ಪ್ಲಾಸ್ಟಿಕ್, ನನ್ನ ಮಾತಿನಲ್ಲಿ ಪಾಲಿಮರ್, ಈಗಲೂ ಅವಾಹಕವೇ. ಕರೆಂಟು ಹರಿಯುವುದು ಅದರಲ್ಲಲ್ಲ, ಅದರೊಳಗೆ ಅಡ್ಡಾದಿಡ್ಡಿ ಬಿದ್ದಿರುವ ಕೊಳವೆಗಳಲ್ಲಿ. ಪ್ಲಾಸ್ಟಿಕ್ಕಿನದು ಅವನ್ನು ಹಿಡಿದಿಟ್ಟುಕೊಳ್ಳುವ ಕೆಲಸ ಮಾತ್ರ.

1991ರಲ್ಲಿ ಜಪಾನಿನ ಸುಮಿಯೋ ಇಜಿಮಾ ಈ ಕೊಳವೆಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ ವಿವರಿಸಿದ ಮೇಲೆ ಜಗತ್ತೆಲ್ಲ ಇವುಗಳ ಬೆನ್ನು ಹತ್ತಿತು. ಇಂಗಾಲದ ಪರಮಾಣುಗಳ ಜೇನುಗೂಡಿನಂಥ ಹಾಳೆಯನ್ನು ಸುರುಳಿ ಸುತ್ತಿ ಅಂಚಿಗೆ ಅಂಚು ಬೆಸೆದಂತೆ ಇವುಗಳ ರಚನೆ. ಒಂದೇ ಗೋಡೆಯದಾದರೆ ಅಡ್ಡಳತೆ ಒಂದೆರಡು ನ್ಯಾನೋಮೀಟರ್ (ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು ಒಂದು ನ್ಯಾನೋಮೀಟರ್). ಒಂದರೊಳಗೊಂದು ಹತ್ತಾರು ಗೋಡೆ ಇದ್ದರೆ 10, 20, 30. ಉದ್ದ ಮಾತ್ರ ಸಾವಿರಾರು ನ್ಯಾನೋಮೀಟರ್. ಗುಟ್ಟೆಲ್ಲ ಆ ಉದ್ದದಲ್ಲೇ ಇದೆ.

ಒಂದು ಕೋಣೆಗೆ ಲೋಹದ ಚೆಂಡುಗಳನ್ನು ಹೇಗೆಂದರೆ ಹಾಗೆ ಚೆಲ್ಲಿ, ಈ ಗೋಡೆಯಿಂದ ಆ ಗೋಡೆಗೆ ಚೆಂಡಿಗೆ ಚೆಂಡು ತಾಗಿ ದಾರಿಯಾಗಬೇಕು ಅನ್ನಿ. ಕೋಣೆಯ ಗಾತ್ರದ ಸುಮಾರು ಆರನೇ ಒಂದು ಭಾಗದಷ್ಟಾದರೂ ಚೆಂಡು ಬೇಕಾಗುತ್ತದೆ. ಚೆಂಡಿನ ಬದಲು ತೆಳ್ಳನೆಯ ಉದ್ದ ಕಡ್ಡಿಗಳನ್ನು ಎಸೆದು ನೋಡಿ. ಒಂದೊಂದು ಕಡ್ಡಿಯೂ ದೂರದ ಹತ್ತಾರು ಕಡ್ಡಿಗಳನ್ನು ಮುಟ್ಟುತ್ತದೆ. ಎಷ್ಟು ಕಡ್ಡಿ ಬೇಕು ಎಂಬುದಕ್ಕೆ ಒರಟು ಲೆಕ್ಕವೊಂದಿದೆ: ದಪ್ಪವನ್ನು ಉದ್ದದಿಂದ ಭಾಗಿಸಿ 0.7ರಿಂದ ಗುಣಿಸಿ. 10 ನ್ಯಾನೋಮೀಟರ್ ದಪ್ಪ, 10,000 ನ್ಯಾನೋಮೀಟರ್ ಉದ್ದದ ಕೊಳವೆಗೆ ಉತ್ತರ ಗಾತ್ರದ ಶೇಕಡಾ 0.07. ಸಾವಿರದಲ್ಲಿ ಒಂದು ಪಾಲೂ ಇಲ್ಲ! ಇದನ್ನು ನಾವು ಪರ್ಕೊಲೇಶನ್ ಹೊಸ್ತಿಲು ಅನ್ನುತ್ತೇವೆ. ಹೊಸ್ತಿಲ ಈಚೆ ಇರುವ ತುಂಡು ಅಪ್ಪಟ ಅವಾಹಕ. ದಾಟಿದ ಕೂಡಲೇ ಪ್ರತಿರೋಧ ಲಕ್ಷಾಂತರ ಪಟ್ಟು ಕುಸಿಯುತ್ತದೆ. ಮೆಲ್ಲಗೆ ಇಳಿಯುವುದಿಲ್ಲ, ದಬಕ್ಕನೆ ಬೀಳುತ್ತದೆ.

ಇನ್ನೊಂದು ವಿಷಯ, ಇದು ನಿಮಗೆ ಹಿಡಿಸಬಹುದು. ಕೊಳವೆಗಳು ಮೈಗೆ ಮೈ ತಾಗಲೇಬೇಕೆಂದಿಲ್ಲ. ನಡುವೆ ಒಂದೆರಡು ನ್ಯಾನೋಮೀಟರ್ ಪ್ಲಾಸ್ಟಿಕ್ ಇದ್ದರೂ ಎಲೆಕ್ಟ್ರಾನು ಸುರಂಗ ಪರಿಣಾಮದಿಂದ ಆಚೆ ದಾಟುತ್ತದೆ. ಅಂತರ ಇನ್ನೊಂದಿಷ್ಟು ಹೆಚ್ಚಿದರೆ ದಾರಿ ಬಂದ್. ತಾನೇ ವಿದ್ಯುತ್ ಒಯ್ಯುವ ಪಾಲಿಮರುಗಳೂ ಇವೆ. 1977ರಲ್ಲಿ ಪಾಲಿಅಸಿಟಿಲೀನಿಗೆ ಅಯೋಡಿನ್ ಸೋಕಿಸಿ ಇದನ್ನು ತೋರಿಸಿದ ಹೀಗರ್, ಮ್ಯಾಕ್‌ಡಿಯಾರ್ಮಿಡ್, ಶಿರಕಾವಾ ಮೂವರಿಗೂ 2000ದಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಹಾಗಾಗಿ ‘ಪ್ಲಾಸ್ಟಿಕ್ ಅವಾಹಕ’ ಎನ್ನುವ ಸಾಲಿನ ಹಿಂದೆ ‘ಸಾಮಾನ್ಯವಾಗಿ’ ಎಂದೊಂದು ಪದ ಸೇರಿಸಿಕೊಂಡರೆ ನಿಮ್ಮ ಮೂವತ್ತು ವರ್ಷದ ಪಾಠಕ್ಕೆ ಏನೂ ಧಕ್ಕೆಯಿಲ್ಲ.

ಪ್ರಶ್ನೆ: ಕರೆಂಟು ಹರಿಯುವ ಪ್ಲಾಸ್ಟಿಕ್ ಅಷ್ಟೇ ಸಾಲದೇ? ಅದಕ್ಕೆ ತೂತು ಏಕೆ? ತೂತು ಮಾಡಿದರೆ ನೀವೇ ಕಷ್ಟಪಟ್ಟು ಮಾಡಿದ ದಾರಿ ಕಡಿದುಹೋಗುವುದಿಲ್ಲವೇ?

ಉತ್ತರ: ಹೋಗುತ್ತದೆ. ಈ ವಿದ್ಯೆಯ ಮುಖ್ಯ ತಂಟೆಯೇ ಅದು, ನೀವು ಸರಿಯಾದ ಕಡೆ ಬೆರಳಿಟ್ಟಿರಿ.

ಆದರೂ ತೂತು ಏಕೆಂದರೆ, ಒಳಮೈ ಸಿಗಲಿ ಎಂದು. ಒಂದು ಗ್ರಾಂ ವಸ್ತುವಿನೊಳಗೆ ಒಂದು ಘನ ಸೆಂಟಿಮೀಟರಿನಷ್ಟು ಖಾಲಿ ಜಾಗವಿದೆ, ಅದೆಲ್ಲ 10 ನ್ಯಾನೋಮೀಟರ್ ಅಗಲದ ಕೊಳವೆಯಾಕಾರದ ತೂತುಗಳಾಗಿ ಹಂಚಿಹೋಗಿದೆ ಎಂದುಕೊಳ್ಳಿ. ಆ ತೂತುಗಳ ಒಳಗೋಡೆಯನ್ನೆಲ್ಲ ಬಿಡಿಸಿ ಹಾಸಿದರೆ 400 ಚದರ ಮೀಟರ್. ಒಂದು ಗ್ರಾಮಿನಲ್ಲಿ! ಆ ಮೈ ವಿದ್ಯುತ್ತಿಗೆ ಸ್ಪಂದಿಸುವಂತಿದ್ದು, ತೂತುಗಳಲ್ಲಿ ಲವಣದ್ರಾವಣ ತುಂಬಿದರೆ, ಗೋಡೆಯುದ್ದಕ್ಕೂ ಅಯಾನುಗಳು ಬಂದು ಸಾಲುಗಟ್ಟುತ್ತವೆ. ವಿದ್ಯುತ್ ಕೂಡಿಡುವ ಸೂಪರ್‌ಕೆಪಾಸಿಟರ್ ಕೆಲಸ ಮಾಡುವುದೇ ಹೀಗೆ. ಪ್ರತಿ ಚದರ ಸೆಂಟಿಮೀಟರಿಗೆ 10 ಮೈಕ್ರೋಫ್ಯಾರಡ್ ಎಂದು ಹಿಡಿದರೂ ಆ ಗ್ರಾಮಿಗೆ 40 ಫ್ಯಾರಡ್ ಬರುತ್ತದೆ. ಉಪ್ಪುನೀರಿನಿಂದ ಅಯಾನುಗಳನ್ನು ಹಿಡಿದು ತೆಗೆಯುವ ವಿದ್ಯುದ್ವಾರಗಳು, ಅನಿಲ ಒಳಹೊಕ್ಕ ಕೂಡಲೇ ಪ್ರತಿರೋಧ ಬದಲಾಗುವ ಸಂವೇದಕಗಳು, ಕರೆಂಟು ಕೊಟ್ಟರೆ ತಾನೇ ಬಿಸಿಯಾಗುವ ಸೋಸುಪೊರೆಗಳು, ಎಲ್ಲಕ್ಕೂ ತೂತೂ ಬೇಕು, ಕರೆಂಟೂ ಬೇಕು.

ಕಡಿದುಹೋಗುವ ದಾರಿಯ ಬಗ್ಗೆ: ತೂತಿನೊಳಗೆ ಕೊಳವೆ ಇರಲಾರದು, ಗೋಡೆಯಲ್ಲೇ ಇರಬೇಕು. ಹಾಗಾಗಿ ತೂತು ಹುಟ್ಟುವಾಗ ಕೊಳವೆಗಳು ಗೋಡೆಗೆ ಒತ್ತರಿಸಲ್ಪಟ್ಟು ಒಂದಕ್ಕೊಂದು ಹತ್ತಿರ ಬರುತ್ತವೆ. ಸ್ವಲ್ಪ ಮಟ್ಟಿಗೆ ತೂತು ನಮಗೆ ಉಪಕಾರವನ್ನೇ ಮಾಡುತ್ತದೆ. ಅತಿಯಾದರೆ ಗೋಡೆ ಹಿಗ್ಗಿ ತೆಳುವಾಗಿ, ಪಕ್ಕಪಕ್ಕದ ಕೊಳವೆಗಳು ದೂರ ಸರಿದು, ದಾರಿ ಕಡಿದುಹೋಗುತ್ತದೆ.

ಪ್ರಶ್ನೆ: ಮೇಡಂ, ನಾನು ಎಂ.ಎಸ್ಸಿ. ಪ್ರಾಜೆಕ್ಟಿಗಾಗಿ ಪಾಲಿಸ್ಟೈರೀನನ್ನು ಡಿಎಂಎಫ್ ಎಂಬ ದ್ರಾವಕದಲ್ಲಿ ಕರಗಿಸಿ, ತೂಕದ ಶೇಕಡಾ 1ರಷ್ಟು ಬಹುಗೋಡೆಯ ನ್ಯಾನೋಕೊಳವೆ ಬೆರೆಸಿ, ಅರ್ಧ ಗಂಟೆ ಶ್ರವಣಾತೀತ ಧ್ವನಿಯಿಂದ ಅಲುಗಾಡಿಸುವ ಸೋನಿಕೇಟರ್ ತೊಟ್ಟಿಯಲ್ಲಿ ಇಟ್ಟು, ಗಾಜಿನ ಮೇಲೆ ಎಳೆದು ನೀರಿನಲ್ಲಿ ಮುಳುಗಿಸಿದೆ. ಬೂದು ಬಣ್ಣದ, ಅಲ್ಲಲ್ಲಿ ಕಪ್ಪು ಚುಕ್ಕೆಯಿರುವ ಮೆತ್ತನೆಯ ಪೊರೆ ಬಂತು. ಮಲ್ಟಿಮೀಟರ್ ಏನೂ ತೋರಿಸುತ್ತಿಲ್ಲ. ಗೈಡ್ ಶೇಕಡಾ 5ಕ್ಕೆ ಏರಿಸು ಎನ್ನುತ್ತಿದ್ದಾರೆ. ಏರಿಸಲೇ?

ಉತ್ತರ: ನಿಮ್ಮ ಗೈಡ್ ಬಗ್ಗೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಈಗಲೇ ಬೇಡ. ಮೊದಲು ಲೆಕ್ಕ ನೋಡಿ. ಕೊಳವೆಯ ಸಾಂದ್ರತೆ ಪಾಲಿಸ್ಟೈರೀನಿನ ಸುಮಾರು ಎರಡರಷ್ಟು. ಹಾಗಾಗಿ ತೂಕದ ಶೇಕಡಾ 1 ಎಂದರೆ ಗಾತ್ರದಲ್ಲಿ ಶೇಕಡಾ 0.5. ಮೇಲೆ ಹೇಳಿದ ಹೊಸ್ತಿಲಿನ ಏಳು ಪಟ್ಟು. ಪೊರೆಯ ಶೇಕಡಾ 70 ಖಾಲಿ ಜಾಗ ಅಂದುಕೊಂಡರೂ ಒಟ್ಟು ಗಾತ್ರದಲ್ಲಿ 0.15 ಉಳಿಯುತ್ತದೆ. ಕೊಳವೆಗಳು ಉದ್ದುದ್ದವಾಗಿ, ಬಿಡಿಬಿಡಿಯಾಗಿ ಇದ್ದಿದ್ದರೆ ಮೀಟರು ಮಾತಾಡಬೇಕಿತ್ತು. ಕೊರತೆ ಇರುವುದು ಪ್ರಮಾಣದಲ್ಲಿ ಅಲ್ಲ.

ಎಲ್ಲಿದೆ ಎಂಬುದನ್ನು ನಿಮ್ಮ ಪತ್ರವೇ ಹೇಳಿದೆ. ‘ಬೂದು ಬಣ್ಣ, ಕಪ್ಪು ಚುಕ್ಕೆ.’ ಚೆನ್ನಾಗಿ ಹರಡಿದ ಶೇಕಡಾ 1ರ ಪೊರೆ ಕಾಡಿಗೆಯ ಹಾಗೆ ಒಂದೇ ಸಮ ಕಪ್ಪಗಿರುತ್ತದೆ. ಆ ಚುಕ್ಕೆಗಳು ಬಿಡಿಸಿಕೊಳ್ಳದ ಕೊಳವೆಗಳ ಗಂಟು. ಇವು ಅಷ್ಟು ಸುಲಭಕ್ಕೆ ಬಿಡುವ ಜಾತಿಯಲ್ಲ. ಒಂಟಿಗೋಡೆಯ ಎರಡು ಕೊಳವೆಗಳು ಉದ್ದಕ್ಕೆ ಅಂಟಿಕೊಂಡರೆ ಪ್ರತಿ ನ್ಯಾನೋಮೀಟರಿಗೆ ಸುಮಾರು ಅರ್ಧ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ಅಂಟು. ಬರೀ ನೂರು ನ್ಯಾನೋಮೀಟರ್ ಅಂಟಿದರೂ 50 ಆಯಿತು. ಕೋಣೆಯ ಉಷ್ಣತೆ ಕೊಡುವ ನೂಕು 0.025. ತಾವಾಗಿ ಬಿಡಿಸಿಕೊಳ್ಳುತ್ತವೆ ಎಂದು ಕಾಯುತ್ತ ಕೂತರೆ ನಿಮ್ಮ ಡಿಗ್ರಿಯೇ ಮುಗಿದುಹೋಗುತ್ತದೆ. ಬಹುಗೋಡೆಯವು ಇಷ್ಟು ಒಪ್ಪವಾಗಿ ಅಂಟದಿದ್ದರೂ ಜಡೆಗಟ್ಟಿದ ಕೂದಲಿನಂತೆ ಸುತ್ತಿಕೊಂಡಿರುತ್ತವೆ.

ನಾನು ಮಾಡುತ್ತಿದ್ದ ಕ್ರಮ ಹೇಳುತ್ತೇನೆ. ಪಾಲಿಮರ್ ಇಲ್ಲದೆ, ಬರೀ ಡಿಎಂಎಫ್‌ನಲ್ಲಿ ಕೊಳವೆ ಹಾಕಿ, ಕಡ್ಡಿಯಂತೆ ಒಳಗಿಳಿಸುವ ಪ್ರೋಬ್ ಸೋನಿಕೇಟರ್ ಇಳಿಸುವುದು. ಬೀಕರಿನ ಸುತ್ತ ಮಂಜುಗಡ್ಡೆ, ಎರಡು ಸೆಕೆಂಡ್ ಓಟ, ಎರಡು ಸೆಕೆಂಡ್ ವಿಶ್ರಾಂತಿ. ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ ಒಂದು ಹನಿಯನ್ನು ಎರಡು ಗಾಜಿನ ಪಟ್ಟಿಗಳ ನಡುವೆ ಒತ್ತಿ ಬೆಳಕಿಗೆ ಹಿಡಿಯುವುದು. ಮೊದಮೊದಲು ಮರಳು ಚೆಲ್ಲಿದ ಹಾಗೆ ಕಾಣುತ್ತದೆ. ಆಮೇಲೆ ಧೂಳು. ಆಮೇಲೆ ಬರೀ ಹೊಗೆಬಣ್ಣ, ಸಾಧಾರಣ ಸೂಕ್ಷ್ಮದರ್ಶಕದಲ್ಲೂ ಚುಕ್ಕೆ ಕಾಣುವುದಿಲ್ಲ. ಅಲ್ಲಿಗೆ ನಿಲ್ಲಿಸಿ. ಇನ್ನೂ ಚೆನ್ನಾಗಲಿ ಎಂಬ ಆಸೆಯಿಂದ ಇನ್ನರ್ಧ ಗಂಟೆ ಓಡಿಸಿದರೆ ಕೊಳವೆಗಳು ತುಂಡಾಗುತ್ತವೆ. ಉದ್ದ ಅರ್ಧವಾದರೆ ಹೊಸ್ತಿಲು ಎರಡರಷ್ಟು ಮೇಲೇರುತ್ತದೆ, ಲೆಕ್ಕ ನಿಮಗೆ ಗೊತ್ತಾಯಿತಲ್ಲ. ಗಂಧಕಾಮ್ಲ–ನೈಟ್ರಿಕ್ ಆಮ್ಲದಲ್ಲಿ ಕುದಿಸಿದರೆ ಚೆನ್ನಾಗಿ ಹರಡುತ್ತವೆ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ನಿಜ, ಹರಡುತ್ತವೆ. ಜೊತೆಗೆ ಕತ್ತರಿಸಿಯೂ ಹೋಗುತ್ತವೆ, ಗೋಡೆ ತುಂಬ ಗಾಯವಾಗಿ ವಾಹಕತೆಯೂ ಇಳಿಯುತ್ತದೆ. ಅತ್ತ ದರಿ ಇತ್ತ ಪುಲಿ.

ಹರಡಿದ ಮೇಲೆಯೇ ಪಾಲಿಸ್ಟೈರೀನ್ ಹಾಕಿ ಕರಗಿಸಿ. ಒಂದು ರಾತ್ರಿ ಬಿಟ್ಟು ನೋಡಿ. ಬೆಳಿಗ್ಗೆ ತಳದಲ್ಲಿ ಮಡ್ಡಿ, ಮೇಲೆ ತಿಳಿ ಕಂಡರೆ ಮತ್ತೆ ಮೊದಲಿಂದ. ಹಾಗೇ ಮಸಿಯಂತಿದ್ದರೆ ಮಾತ್ರ ಗಾಜಿನ ಮೇಲೆ ಎಳೆಯಿರಿ.

ನೀರಿನಲ್ಲಿ ಮುಳುಗಿಸಿದ್ದು ಒಳ್ಳೆಯ ಆಯ್ಕೆ, ಅದಕ್ಕೆ ಶಭಾಶ್. ದ್ರಾವಕವನ್ನು ನಿಧಾನವಾಗಿ ಆರಲು ಬಿಟ್ಟಿದ್ದರೆ ಬಿಡಿಸಿದ ಕೊಳವೆಗಳು ಮತ್ತೆ ಗಂಟು ಕಟ್ಟಲು ಸಮಯ ಸಿಗುತ್ತಿತ್ತು. ನೀರು ಸೋಕಿದ ಕೂಡಲೇ ಪಾಲಿಮರ್ ಗಟ್ಟಿಯಾಗಿ, ಕೊಳವೆಗಳು ಇದ್ದಲ್ಲೇ ಸಿಕ್ಕಿಬೀಳುತ್ತವೆ. ತೂತು ಹುಟ್ಟುವುದೂ ಅದೇ ಗಳಿಗೆಯಲ್ಲಿ. ಒಂದೇ ಏಟಿಗೆ ಎರಡೂ ಕೆಲಸ. ಆದರೆ ಇದರದೊಂದು ಕೆಟ್ಟ ಚಾಳಿಯಿದೆ: ಮೇಲ್ಮೈಯಲ್ಲಿ ತೆಳುವಾದ ಗಟ್ಟಿ ತೊಗಲು ಕಟ್ಟುತ್ತದೆ, ಅದರಲ್ಲಿ ಕೊಳವೆ ಕಡಿಮೆ. ನಿಮ್ಮ ಮೀಟರಿನ ಸೂಜಿ ತಾಗಿದ್ದು ಆ ತೊಗಲಿಗೆ. ಒಳಗೆ ಕರೆಂಟು ಓಡಾಡುತ್ತಿದ್ದರೂ ಬಾಗಿಲು ಮುಚ್ಚಿದೆ ಅನ್ನಿ. ಪಟ್ಟಿಯೊಂದನ್ನು ದ್ರವ ಸಾರಜನಕದಲ್ಲಿ, ಅಂದರೆ ಮೈನಸ್ 196 ಡಿಗ್ರಿಯಲ್ಲಿ, ಅದ್ದಿ ಎರಡೂ ತುದಿಗಳನ್ನು ‘ಟಕ್’ ಎಂದು ಮುರಿಯಿರಿ. ಕತ್ತರಿ ಹಾಕಬೇಡಿ, ಕತ್ತರಿ ತೂತುಗಳನ್ನು ಜಜ್ಜಿ ಮುಚ್ಚಿಬಿಡುತ್ತದೆ. ಮುರಿದ ಮುಖಗಳಿಗೆ ಬೆಳ್ಳಿಯ ಪೇಸ್ಟ್ ಬಳಿದು, ಒಣಗಿದ ಮೇಲೆ ಅಳೆಯಿರಿ. ಅಂಕಿ ಬಂದರೆ ಆಮೇಲೆ ನಾಲ್ಕು ಸೂಜಿಯ ಪ್ರೋಬಿಗೆ ಹೋಗಿ, ತುದಿಯ ಪ್ರತಿರೋಧ ಲೆಕ್ಕದಿಂದ ಹೊರಗುಳಿಯುತ್ತದೆ.

ಇಷ್ಟೆಲ್ಲ ಮಾಡಿಯೂ ಮೀಟರು ಸುಮ್ಮನಿದ್ದರೆ ಶೇಕಡಾ 5 ಹಾಕಿ. ಮಂದವಾಗಿ ಎಳೆಯಲಾಗದ ಅಂಟು ಬರುತ್ತದೆ, ಆಗ ಗೈಡಿಗೇ ಎಳೆಯಲು ಹೇಳಿ.

ಪ್ರಶ್ನೆ: ಇಷ್ಟು ಸಣ್ಣ ತೂತನ್ನು ಯಾವ ಬೈರಿಗೆಯಿಂದ ಕೊರೆಯುತ್ತೀರಿ? ನ್ಯಾನೋ ತೂತು ಎಂದರೆ ಎಷ್ಟು ಸಣ್ಣದು?

ಉತ್ತರ: ಅಳತೆ ಮೊದಲು ಹೇಳಿಬಿಡುತ್ತೇನೆ. ರಸಾಯನಶಾಸ್ತ್ರಜ್ಞರ ಅಂತರರಾಷ್ಟ್ರೀಯ ಒಕ್ಕೂಟದ ವಿಂಗಡಣೆಯಲ್ಲಿ 2 ನ್ಯಾನೋಮೀಟರಿಗಿಂತ ಕಿರಿದು ಮೈಕ್ರೋರಂಧ್ರ, 2ರಿಂದ 50 ಮೀಸೋರಂಧ್ರ, ಅದರಾಚೆ ಮ್ಯಾಕ್ರೋರಂಧ್ರ. ನೂರರೊಳಗಿನದನ್ನೆಲ್ಲ ಒಟ್ಟಾಗಿ ನ್ಯಾನೋರಂಧ್ರ ಎನ್ನುವುದು ರೂಢಿ.

ಕೊರೆಯುವುದಿಲ್ಲ. ತೂತಾಗಬೇಕಾದ ಜಾಗದಲ್ಲಿ ಏನನ್ನೋ ಇಟ್ಟು, ಆಮೇಲೆ ಅದನ್ನು ಖಾಲಿ ಮಾಡಿಸುತ್ತೇವೆ. ಆ ‘ಏನೋ’ ದ್ರಾವಕವಾಗಿರಬಹುದು, ಅನಿಲವಾಗಿರಬಹುದು, ಇನ್ನೊಂದು ಪಾಲಿಮರ್ ಆಗಿರಬಹುದು.

ನೀರಿನಲ್ಲಿ ಮುಳುಗಿಸುವ ವಿಧಾನ ಮೇಲೆ ಬಂತು. 1960ರ ಆಸುಪಾಸಿನಲ್ಲಿ ಲೋಬ್ ಮತ್ತು ಸೌರಿರಾಜನ್ ಉಪ್ಪುನೀರು ಸೋಸುವ ಪೊರೆಯನ್ನು ಮಾಡಿದ್ದು ಈ ದಾರಿಯಲ್ಲೇ. ಎರಡನೆಯದು ಇಂಗಾಲದ ಡೈಆಕ್ಸೈಡನ್ನು ಭಾರೀ ಒತ್ತಡದಲ್ಲಿ ಪಾಲಿಮರಿಗೆ ಕುಡಿಸಿ, ಒತ್ತಡವನ್ನು ಥಟ್ಟನೆ ಬಿಡುವುದು. ಅನಿಲ ಗುಳ್ಳೆಗಟ್ಟುತ್ತದೆ. ಗುಳ್ಳೆ ಹುಟ್ಟಲು ಕೊಳವೆಗಳೇ ನೆಲೆಯಾಗುವುದರಿಂದ ಗುಳ್ಳೆಗಳ ಸಂಖ್ಯೆ ಹೆಚ್ಚುತ್ತದೆ, ಗಾತ್ರ ತಗ್ಗುತ್ತದೆ. ಆದರೂ ಸಾಮಾನ್ಯವಾಗಿ ಸಿಗುವುದು ಮೈಕ್ರಾನ್ (ಸಾವಿರ ನ್ಯಾನೋಮೀಟರ್) ಅಳತೆಯ ಗುಳ್ಳೆ. ನ್ಯಾನೋಗೆ ಇಳಿಸುವುದು ಬಹಳ ಹೆಣಗಾಟ. ಮೂರನೆಯದು ನೋಡಲು ತುಂಬ ಚೆಂದ: ಒಂದಕ್ಕೊಂದು ಆಗದ ಎರಡು ಪಾಲಿಮರ್ ಸರಪಳಿಗಳನ್ನು ತುದಿಗೆ ತುದಿ ಬೆಸೆದುಬಿಡುವುದು. ದೂರ ಹೋಗಲಾರವು, ಕೂಡಿ ಬಾಳಲಾರವು. ಕೊನೆಗೆ ಹತ್ತಿಪ್ಪತ್ತು ನ್ಯಾನೋಮೀಟರಿಗೊಂದರಂತೆ ಅಚ್ಚುಕಟ್ಟಾಗಿ ಪಾಲು ಹಂಚಿಕೊಳ್ಳುತ್ತವೆ. ಪಾಲಿಸ್ಟೈರೀನ್–ಪಾಲಿಲ್ಯಾಕ್ಟೈಡ್ ಜೋಡಿಯಾದರೆ ತೆಳು ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಪಾಲಿಲ್ಯಾಕ್ಟೈಡ್ ಭಾಗ ಕರಗಿ, ಒಂದೇ ಅಳತೆಯ ತೂತುಗಳು ಉಳಿಯುತ್ತವೆ.

ಆದರೆ ಕೊಳವೆಯ ದೃಷ್ಟಿಯಿಂದ ನೋಡಿ. 20 ನ್ಯಾನೋಮೀಟರ್ ತೂತುಗಳ ನಡುವಿನ ಗೋಡೆ ಹತ್ತು ಹದಿನೈದು ನ್ಯಾನೋಮೀಟರ್ ಇದ್ದರೆ ಹೆಚ್ಚು. ಬಹುಗೋಡೆಯ ಕೊಳವೆಯೇ 20 ದಪ್ಪ. ಗೋಡೆಗಿಂತ ದಪ್ಪದ ಹಗ್ಗವನ್ನು ಗೋಡೆಯೊಳಗೆ ಹುದುಗಿಸುವುದೆಂತು? ಅದು ತೂತುಗಳನ್ನು ಅಡ್ಡಡ್ಡ ಸೀಳಿಕೊಂಡು, ಸುತ್ತಲಿನ ವಿನ್ಯಾಸವನ್ನೆಲ್ಲ ಕೆಡಿಸಿ ಮಲಗುತ್ತದೆ. ಹಾಗಾದರೆ ತೂತು ಮಾಡಿದ ಮೇಲೆ ಕೊಳವೆಯ ಮಸಿಯನ್ನು ಒಳಗೆ ಇಳಿಸೋಣ ಎಂದರೆ, ಮೈಕ್ರಾನುಗಟ್ಟಲೆ ಉದ್ದದವು ಬಾಯಲ್ಲೇ ಅಡ್ಡಬಿದ್ದು ಮುಚ್ಚಳವಾಗುತ್ತವೆ. ಎರಡನ್ನೂ ಮಾಡಿ ನೋಡಿದ್ದೇನೆ.

ಕೊನೆಗೆ ನನಗೆ ಒಗ್ಗಿದ್ದು ತಿರುವುಮುರುವಾದ ದಾರಿ. ಮೊದಲು ಕೊಳವೆಗಳದೇ ಜಾಲ, ಆಮೇಲೆ ಅದರ ಮೈಗೆ ಪಾಲಿಮರಿನ ತೆಳು ಲೇಪ. ಕೊಳವೆಗಳ ಮಸಿಯನ್ನು ಸೋಸುಕಾಗದದಲ್ಲಿ ಎಳೆದರೆ ಕಪ್ಪು ಹಾಳೆ ಸಿಗುತ್ತದೆ, ಬಕಿಪೇಪರ್ ಅನ್ನುತ್ತಾರೆ. ಕೊಳವೆಗಳ ನಡುವಿನ ಸಂದುಗಳೇ ಹತ್ತಾರು ನ್ಯಾನೋಮೀಟರಿನ ತೂತು. ಅದಕ್ಕೆ ವಿದ್ಯುತ್ ಕೊಟ್ಟು ಪಾಲಿಪಿರೋಲ್ ಎಂಬ ಪಾಲಿಮರನ್ನು ಲೇಪಿಸಿದರೆ ಸಂದು ಮುಚ್ಚದೆ ಎಳೆಗೆ ಮಾತ್ರ ತೊಗಲು ಬರುತ್ತದೆ, ಸಮಯ ನೋಡಿಕೊಂಡು ನಿಲ್ಲಿಸಬೇಕು. ಇಲ್ಲವೆ ಕೊಳವೆ ಹಾಗೂ ಪಾಲಿಮರ್ ಕೂಡಿಸಿ ಜೆಲ್ ಕಟ್ಟಿಸಿ, ಒಳಗಿನ ದ್ರವವನ್ನು ಮಾತ್ರ ಹೊರತೆಗೆಯಬೇಕು.

ಈ ‘ಹೊರತೆಗೆಯುವುದು’ ಎಂಬಲ್ಲಿ ನಾನು ಒಮ್ಮೆ ಚೆನ್ನಾಗಿ ಏಮಾರಿದ್ದೆ. ಹೊಸತರಲ್ಲಿ, ಅಂಗೈ ಅಗಲದ ಜೆಲ್ ಬಿಲ್ಲೆಯೊಂದನ್ನು ಒಂದು ವಾರ ಕಷ್ಟಪಟ್ಟು ಕಟ್ಟಿಸಿ, ಶುಕ್ರವಾರ ಸಂಜೆ ಫ್ಯೂಮ್ ಹುಡ್‌ನಲ್ಲಿ ಆರಲು ಬಿಟ್ಟು ಮನೆಗೆ ಹೋದೆ. ಸೋಮವಾರ ಬಂದರೆ ತಟ್ಟೆಯ ಮೂಲೆಯಲ್ಲಿ ಅಂಗಿಯ ಗುಂಡಿಯಷ್ಟು ಕರಿ ಬಿಲ್ಲೆ. ಮೀಟರ್ ಇಟ್ಟೆ. ವಾಹಕತೆ ಅದುವರೆಗೆ ಕಂಡಿರದಷ್ಟು! ಕುಣಿದಾಡಿ, ಎಲ್ಲರನ್ನೂ ಕರೆದು ತೋರಿಸಿದೆ. ನಮ್ಮ ಹಿರಿಯ ತಂತ್ರಜ್ಞರೊಬ್ಬರು ಗುಂಡಿಯನ್ನು ಬೆರಳಲ್ಲಿ ತಿರುಗಿಸಿ ನೋಡಿ, ‘ಇದರಲ್ಲಿ ತೂತು ಎಲ್ಲಿದೆಯಮ್ಮಾ?’ ಅಂದರು. ಸಾರಜನಕ ಹೀರಿಸಿ ಒಳಮೈ ಅಳೆದೆವು. ಇರಲಿಲ್ಲ. ತೂತೆಲ್ಲ ಕುಸಿದು ಕೊಳವೆಗಳು ಒತ್ತೊತ್ತಾಗಿ ಬಿದ್ದಿದ್ದವು, ಅದಕ್ಕೇ ಕರೆಂಟು ಅಷ್ಟು ಸಲೀಸಾಗಿ ಹರಿದದ್ದು.

ಆದದ್ದೇನೆಂದರೆ, ತೂತಿನಿಂದ ನೀರು ಆರುವಾಗ ಅದರ ಬಾಗಿದ ಮೈ ಗೋಡೆಗಳನ್ನು ಒಳಕ್ಕೆ ಎಳೆಯುತ್ತದೆ. ತೂತಿನ ತ್ರಿಜ್ಯ 10 ನ್ಯಾನೋಮೀಟರ್ ಆದರೆ ಆ ಎಳೆತ 14 ಮೆಗಾಪ್ಯಾಸ್ಕಲ್, ಅಂದರೆ ವಾಯುಮಂಡಲದ ಒತ್ತಡದ ನೂರನಲವತ್ತು ಪಟ್ಟು. ಸಮುದ್ರದಲ್ಲಿ 1400 ಮೀಟರ್ ಆಳಕ್ಕೆ ಇಳಿದಂತೆ. ಮೆತ್ತನೆಯ ಪಾಲಿಮರ್ ಗೋಡೆ ಹೇಗೆ ನಿಂತೀತು? ಇದಕ್ಕೆ ಮದ್ದನ್ನು ಸ್ಯಾಮ್ಯುಯೆಲ್ ಕಿಸ್ಲರ್ 1931ರಲ್ಲೇ ತೋರಿಸಿದ್ದರು: ದ್ರವ–ಅನಿಲ ಎಂಬ ಭೇದವೇ ಇಲ್ಲದ ಸ್ಥಿತಿಗೆ ಒಯ್ದು ಖಾಲಿ ಮಾಡಿ, ಬಾಗಿದ ಮೈಯೇ ಇರುವುದಿಲ್ಲ. ಈಗ ಮಾಡುವುದು ನೀರನ್ನು ಎಥನಾಲಿಗೆ, ಎಥನಾಲನ್ನು ದ್ರವರೂಪದ ಇಂಗಾಲದ ಡೈಆಕ್ಸೈಡಿಗೆ ಬದಲಿಸಿ, 31 ಡಿಗ್ರಿ ಹಾಗೂ 74 ಬಾರ್ ದಾಟಿಸಿ, ಮೆಲ್ಲಗೆ, ತೀರಾ ಮೆಲ್ಲಗೆ ಹೊರಬಿಡುವುದು. ಹೆಪ್ಪುಗಟ್ಟಿಸಿ ಒಣಗಿಸುವುದೂ ಉಂಟು. ನೀರಾದರೆ ಮಂಜಿನ ಹರಳುಗಳು ಬೆಳೆದು ಮೈಕ್ರಾನ್ ಅಗಲದ ಓಣಿಗಳಾಗುತ್ತವೆ, ಅದು ಬೇರೆಯದೇ ವಸ್ತು.

ಇನ್ನೊಮ್ಮೆ ಇದೇ ತಪ್ಪನ್ನು ಬೇರೆ ವೇಷದಲ್ಲಿ ಮಾಡಿದೆ. ಪಾಲಿಸ್ಟೈರೀನನ್ನು 100 ಡಿಗ್ರಿ ದಾಟಿಸಿ ಸ್ವಲ್ಪ ಹೊತ್ತು ಇಟ್ಟರೆ ಸರಪಳಿಗಳು ಸಡಿಲಗೊಂಡು, ಕೊಳವೆಗಳು ಮತ್ತೆ ಕೈಹಿಡಿದು, ವಾಹಕತೆ ಏರುತ್ತದೆ. ಗಟ್ಟಿ ತುಂಡಿಗೆ ಒಳ್ಳೆಯ ಉಪಾಯ. ತೂತಿನ ತುಂಡಿಗೆ ಮಾಡಿದೆ. ಸಡಿಲಗೊಂಡ ಗೋಡೆ ತೂತನ್ನು ನುಂಗಿತು.

ಅಂದಿನಿಂದ ನಮ್ಮ ನೋಟುಬುಕ್ಕಿನಲ್ಲಿ ವಾಹಕತೆಯ ಕಾಲಮ್ಮಿನ ಪಕ್ಕ ಸಾಂದ್ರತೆ ಮತ್ತು ಒಳಮೈ ಎಂಬ ಎರಡು ಕಾಲಮ್ಮುಗಳಿದ್ದವು. ಮೂರನ್ನೂ ಒಂದೇ ತುಂಡಿನ ಮೇಲೆ ಅಳೆಯಬೇಕು. ಒಂದು ತುಂಡಿನ ಕರೆಂಟು, ಇನ್ನೊಂದು ತುಂಡಿನ ತೂತು ಸೇರಿಸಿ ಬರೆದ ವರದಿಗಳನ್ನು ನಾನು ಬೇಕಾದಷ್ಟು ಓದಿದ್ದೇನೆ. ಒಂದನ್ನೂ ನಂಬುವುದಿಲ್ಲ.

ಪ್ರಶ್ನೆ: ಮುಂದೆ ಮನೆಯ ವೈರಿಂಗಿಗೂ ತಾಮ್ರದ ಬದಲು ಇದೇ ಬರುತ್ತದೆಯೇ?

ಉತ್ತರ: ಇಲ್ಲ. ತಾಮ್ರದ ವಾಹಕತೆ ಮೀಟರಿಗೆ ಸುಮಾರು 6 ಕೋಟಿ ಸೀಮೆನ್ಸ್. ನಮ್ಮ ತೂತಿನ ತುಂಡು ಚೆನ್ನಾಗಿ ಬಂದರೆ ಒಂದರಿಂದ ನೂರು. ಒಂಟಿ ಕೊಳವೆ ಗಟ್ಟಿಗನೇ, ಆದರೆ ಒಂದರಿಂದ ಇನ್ನೊಂದಕ್ಕೆ ದಾಟುವ ಪ್ರತಿ ಕೂಡಿನಲ್ಲೂ ಸುಂಕ ಕಟ್ಟಬೇಕು.

ಪ್ರಶ್ನೆ: ನನ್ನ ಮಗಳು ಸಂಶೋಧನೆಗೆ ಸೇರಿದ್ದಾಳೆ, ದಿನವೂ ಈ ಕಪ್ಪು ಪುಡಿಯ ಜೊತೆ ಕೆಲಸ. ಇದು ಆಸ್ಬೆಸ್ಟಾಸ್ ಇದ್ದಂತೆ ಎಂದು ಎಲ್ಲೋ ಓದಿದಾಗಿನಿಂದ ನಿದ್ದೆಯಿಲ್ಲ. ಬಿಡಿಸಿಬಿಡಲೇ?

ಉತ್ತರ: ಬಿಡಿಸಬೇಡಿ ತಾಯಿ, ಆದರೆ ಕೇಳಿದ್ದು ಒಳ್ಳೆಯದಾಯಿತು. ನಿಮ್ಮ ಹೆದರಿಕೆ ಆಧಾರವಿಲ್ಲದ್ದಲ್ಲ. ಉದ್ದನೆಯ, ಸೆಟೆದ ಬಹುಗೋಡೆ ಕೊಳವೆಗಳನ್ನು ಇಲಿಗಳ ಹೊಟ್ಟೆಯ ಪೊರೆಗೆ ಸೋಕಿಸಿದಾಗ ಆಸ್ಬೆಸ್ಟಾಸ್ ಎಳೆಗಳಂತೆಯೇ ಉರಿಯೂತವಾದದ್ದು 2008ರಲ್ಲಿ ಪ್ರಕಟವಾಯಿತು. ಅಂಥ ಸೆಟೆದ ಒಂದು ಬಗೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2014ರಲ್ಲಿ ‘ಮನುಷ್ಯರಲ್ಲಿ ಕ್ಯಾನ್ಸರ್ ತರಬಹುದಾದ’ ಗುಂಪಿಗೆ ಸೇರಿಸಿತು. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ 2013ರಲ್ಲಿ ಸೂಚಿಸಿದ ಮಿತಿ, ಕೆಲಸದ ದಿನದ ಸರಾಸರಿಯಾಗಿ, ಒಂದು ಘನ ಮೀಟರ್ ಗಾಳಿಯಲ್ಲಿ 1 ಮೈಕ್ರೋಗ್ರಾಂ.

ಅಪಾಯ ಇರುವುದು ಗಾಳಿಗೆ ಎದ್ದ ಒಣ ಪುಡಿಯಲ್ಲಿ. ದ್ರವದಲ್ಲಿ ನೆನೆದದ್ದು, ಪ್ಲಾಸ್ಟಿಕ್ಕಿನಲ್ಲಿ ಹುದುಗಿದ್ದು ಏಳುವುದಿಲ್ಲ. ಮಗಳನ್ನು ನಾಲ್ಕು ಮಾತು ಕೇಳಿ. ಪುಡಿ ತೂಗುವುದು ಎಲ್ಲಿ, ಮುಚ್ಚಿದ ಪೆಟ್ಟಿಗೆಯೊಳಗೋ ತೆರೆದ ಮೇಜಿನ ಮೇಲೋ? ಪ್ಲಾಸ್ಟಿಕ್ ತಟ್ಟೆಯಲ್ಲಿ ತೂಗಿದರೆ ಸ್ಥಾಯೀ ವಿದ್ಯುತ್ತಿನಿಂದ ಪುಡಿ ಚಿಮ್ಮುತ್ತದೆ, ನಾನು ಕಣ್ಣಾರೆ ಕಂಡಿದ್ದೇನೆ, ಚಿಮಟದ ತುದಿ ಹತ್ತಿರ ಬಂದರೆ ಸಾಕು. ಪೇಸ್ಟ್ ರೂಪದಲ್ಲಿ ಸಿಗುವುದನ್ನೇ ತರಿಸಬಾರದೇ? ಒಣ ತುಂಡನ್ನು ಉಜ್ಜುವಾಗ, ಕೊಯ್ಯುವಾಗ ನೀರು ಹಾಕಿಕೊಳ್ಳುತ್ತಾಳೋ? ಮುಖಕ್ಕೆ ಹಾಕುವುದು ಬರೀ ಬಟ್ಟೆಯ ಮಾಸ್ಕೋ, ಕಣ ತಡೆಯುವ ರೆಸ್ಪಿರೇಟರೋ? ಮೊದಲ ಪ್ರಶ್ನೆಗೆ ‘ತೆರೆದ ಮೇಜು’ ಎಂದಳೋ, ಮಗಳನ್ನು ಬಿಡಿಸುವುದಲ್ಲ, ಆ ಮೇಜನ್ನು ಬಿಡಿಸಿ.

ಪ್ರಶ್ನೆ: ಆಂಟಿ, ನೀವು ಮಾಡುವುದೆಲ್ಲ ಯಾಕೆ ಕಪ್ಪಗೇ ಇರುತ್ತದೆ? ಬೇರೆ ಬಣ್ಣದ್ದು ಮಾಡಲು ಬರುವುದಿಲ್ಲವೇ?
– ಐದನೇ ತರಗತಿ

ಉತ್ತರ: ಬರುವುದಿಲ್ಲ ಪುಟ್ಟಾ. ಈ ಕೊಳವೆಗಳಲ್ಲಿ ಸುಲಭವಾಗಿ ಅಲ್ಲಾಡುವ ಎಲೆಕ್ಟ್ರಾನುಗಳಿವೆಯಲ್ಲ, ಅವು ಕೆಂಪು, ಹಸಿರು, ನೀಲಿ ಎಂದು ನೋಡದೆ ಬಂದ ಬೆಳಕನ್ನೆಲ್ಲ ಹೀರುತ್ತವೆ. ಹಿಂದಿರುಗಿ ನಿನ್ನ ಕಣ್ಣಿಗೆ ಬರಲು ಏನೂ ಉಳಿಯುವುದಿಲ್ಲ. ಕೊಳವೆಗಳನ್ನು ಹುಲ್ಲಿನ ಹಾಗೆ ನೆಟ್ಟಗೆ, ದಟ್ಟವಾಗಿ ಬೆಳೆಸಿದರೆ ಬಿದ್ದ ಬೆಳಕಿನ ಶೇಕಡಾ 99.9ಕ್ಕಿಂತ ಹೆಚ್ಚು ಹೀರಿಬಿಡುತ್ತವೆ. ಸುಕ್ಕುಗಟ್ಟಿದ ಹಾಳೆಯ ಮೇಲೆ ಬೆಳೆಸಿದರೆ ಸುಕ್ಕೇ ಕಾಣದು, ಅಲ್ಲೊಂದು ಬಾವಿ ಇದೆಯೇನೋ ಅನ್ನಿಸುತ್ತದೆ. ತೀರಾ ತೆಳುವಾಗಿ ಬಳಿದರೆ ಮಾತ್ರ ಆಚೆಯದು ಕಾಣುವಷ್ಟು ಪಾರದರ್ಶಕ, ತುಸು ಹೊಗೆಬಣ್ಣ.

ನನ್ನ ಬಿಳಿ ಕೋಟಿನ ಎಡತೋಳಿನ ಮೇಲೆ ಹದಿನಾಲ್ಕು ವರ್ಷದ ಹಿಂದೆ ಬಿದ್ದ ಒಂದು ಹನಿಯಿದೆ. ಎಷ್ಟು ಒಗೆದರೂ ಬೂದು ಕೂಡ ಆಗಿಲ್ಲ.